ಸ್ಮಶಾನದಲ್ಲಿ ಈಸ್ಟರ್ ನಸುಕಿನ ಆರಾಧನೆ: 12 ನಿಮಿಷದಲ್ಲಿ ಪುನರುತ್ಥಾನದ ಬಗ್ಗೆ ಏನು ಹೇಳುವುದು?

ಸೂಳೆಕೆರೆ ದಂಡೆ (ಪ್ರಶ್ನೆ)

ದಾವಣಗೆರೆಯ ಸಣ್ಣ ಸಭೆ (ಚರ್ಚ್). 2027ರ ಈಸ್ಟರ್ ಮಾರ್ಚ್ 28ಕ್ಕೆ ಬರುತ್ತೆ. ಅವತ್ತು ನಸುಕಿನ ಆರಾಧನೆಯನ್ನು ಕ್ರೈಸ್ತರ ಸ್ಮಶಾನದಲ್ಲೇ ಇಟ್ಟುಕೊಳ್ಳೋದು ಅಂತ ತೀರ್ಮಾನವಾಗಿದೆ. ಅದೇ ಹೊತ್ತಿಗೆ ಅಯ್ಯನವರಿಗೆ (ನಮ್ಮ ಪಾದ್ರಿ) ಇನ್ನೊಂದು ಊರಿನ ಸಭೆ ಇದೆ. ಹಾಗಾಗಿ ಸಂದೇಶ ಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. 12 ನಿಮಿಷ, ಅಷ್ಟೇ.

ಸುಮಾರು 40 ಜನ ಬರ್ತಾರೆ. ಅದರಲ್ಲಿ ನಾಲ್ಕು ಮನೆಯವರು ಈ ವರ್ಷದೊಳಗೇ ತಮ್ಮವರನ್ನು ಅಲ್ಲೇ ಮಣ್ಣು ಮಾಡಿದವರು. ಒಂದು ಗೋರಿಯ ಮಣ್ಣು ಇನ್ನೂ ಕೂತಿಲ್ಲ. ಆ ಮನೆಗಳ ಜೊತೆ ಒಡನಾಟ ಇರುವ ಲಿಂಗಾಯತರು, ಮುಸ್ಲಿಮರು ಆರೇಳು ಜನ ಬರೋರಿದ್ದಾರೆ. ‘ಕ್ರಿಸ್ತನು ಎದ್ದಿದ್ದಾನೆ, ಹಲ್ಲೆಲೂಯ’ ಅಂತ ಕೂಗಿ ಮುಗಿಸಿದರೆ ಆ ನಾಲ್ಕು ಮನೆಯವರ ಕೈಗೆ ಏನು ಸಿಕ್ಕಂಗಾಯ್ತು? ಹಾಗಂತ ಬರೀ ಸಮಾಧಾನದ ಮಾತಾಡಿದರೆ ಅದು ಈಸ್ಟರೇ ಆಗಲ್ಲ. ಯಾವ ಭಾಗ ಓದಬೇಕು, ಯಾವ ಮಾತು ಬಿಡಬೇಕು, ಜನ ಎಲ್ಲಿ ಎಡವುತ್ತಾರೆ, ತಿಳಿದವರು ಬಿಡಿಸಿ ಹೇಳಿ. ಮಕ್ಕಳೂ ಹತ್ತು ಹನ್ನೆರಡು ಇರ್ತಾರೆ. ಏರ್ಪಾಟಿನ ವಿಷಯ ಹೇಳೋರಿದ್ದರೂ ಒಳ್ಳೇದು.


ಕೋಟೆ ಗಾಳಿ, ಚಿತ್ರದುರ್ಗ

ಮಾರ್ಕ 16, ಒಂದರಿಂದ ಎಂಟನೇ ವಚನ. ನಿಧಾನಕ್ಕೆ ಓದಿದರೂ ಎರಡು ನಿಮಿಷದೊಳಗೆ ಮುಗಿಯುತ್ತೆ. ಸ್ಮಶಾನದಲ್ಲಿ ನಿಂತು ಓದೋಕೆ ಇದಕ್ಕಿಂತ ಹೊಂದುವ ಭಾಗ ಇಲ್ಲ.

ಎಂಟಕ್ಕೇ ನಿಲ್ಲಿಸಿ, ಮುಂದಕ್ಕೆ ಹೋಗಬೇಡಿ. 4ನೇ ಶತಮಾನದ ಎರಡು ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ (ಸಿನಾಯ್ಟಿಕಸ್, ವ್ಯಾಟಿಕನಸ್) ಮಾರ್ಕನ ಸುವಾರ್ತೆ ಅಲ್ಲಿಗೇ ಮುಗಿಯುತ್ತೆ. 9ರಿಂದ 20 ಆಮೇಲೆ ಸೇರಿದ್ದು ಅಂತಲೇ ಬಹಳಷ್ಟು ವಿದ್ವಾಂಸರು ಹೇಳೋದು. ಅದು ಓದಿಕೊಂಡವರ ಕಾರಣ. ನಿಮಗೆ ಬೇಕಾದ ಕಾರಣ ಬೇರೆ: 18ನೇ ವಚನದಲ್ಲಿ ಹಾವು ಹಿಡಿಯೋದು, ವಿಷ ಕುಡಿದರೂ ಕೇಡಾಗದಿರೋದು ಬರುತ್ತೆ. ಗೋರಿ ಮುಂದೆ ಅದನ್ನು ಓದಿದರೆ ಕೇಳೋರ ಗಮನವೆಲ್ಲ ಹಾವಿನ ಹಿಂದೆ ಹೋಗುತ್ತೆ.

ಈ ಎಂಟು ವಚನದಲ್ಲಿ ಜನ ಗಮನಿಸದೇ ದಾಟಿ ಹೋಗುವ ಒಂದು ಸಂಗತಿ ಇದೆ. ಮಗ್ದಲದ ಮರಿಯ, ಯಾಕೋಬನ ತಾಯಿ ಮರಿಯ, ಸಲೋಮೆ, ಈ ಮೂವರು ಹೆಂಗಸರು ಬೆಳಗಿನ ಜಾವ ಹೊರಟಾಗ ಅವರ ಮನಸ್ಸಲ್ಲಿ ನಿರೀಕ್ಷೆ ಇರಲಿಲ್ಲ. ಕೈಯಲ್ಲಿದ್ದದ್ದು ಹೆಣಕ್ಕೆ ಹಚ್ಚುವ ಸುಗಂಧದ್ರವ್ಯ. ಸತ್ತವರಿಗೆ ಮಾಡಬೇಕಾದ್ದನ್ನು ಮಾಡೋಕೆ ಹೊರಟವರು. ‘ಬಾಗಿಲಿನ ಕಲ್ಲನ್ನು ಉರುಳಿಸಿಕೊಡೋರು ಯಾರು’ ಅಂತ ದಾರಿಯುದ್ದಕ್ಕೂ ಮಾತಾಡಿಕೊಂಡರು, ಉತ್ತರ ಹೊಳೀಲಿಲ್ಲ, ಆದರೂ ಹೆಜ್ಜೆ ಹಿಂದೆಗೀಲಿಲ್ಲ. ನಿಮ್ಮ ಮುಂದೆ ಕೂರುವ ನಾಲ್ಕು ಮನೆಯವರೂ ಅವತ್ತು ಹೂವು ಹಿಡಿದು ಬಂದಿರ್ತಾರೆ ನೋಡಿ. ‘ನಿಮಗೆ ನಂಬಿಕೆ ಗಟ್ಟಿಯಾಗಿರಬೇಕಿತ್ತು’ ಅಂತ ಯಾರೂ ಅವರಿಗೆ ಹೇಳಬೇಕಾಗಿಲ್ಲ. ಮೊದಲ ಈಸ್ಟರಿಗೆ ಬಂದವರೂ ಹೀಗೇ, ಪ್ರೀತಿಯ ಕರ್ತವ್ಯಕ್ಕೆ ಬಂದವರು.

ಸಮಯ ಹಂಚುವಾಗ ಎಲ್ಲರೂ ಮಾಡುವ ತಪ್ಪು: 30 ಸೆಕೆಂಡಿನಲ್ಲಿ ಸಾವನ್ನು ದಾಟಿ ಜಯಘೋಷಕ್ಕೆ ಹಾರೋದು. ಮೊದಲ ನಾಲ್ಕು ನಿಮಿಷ ಸಾವಿಗೇ ಕೊಡಿ. ಯೇಸು ನಿಜಕ್ಕೂ ಸತ್ತ, ಬಟ್ಟೆ ಸುತ್ತಿ ಹೂಣಿಟ್ಟರು, ಕಲ್ಲು ಮುಚ್ಚಿದರು, ಶನಿವಾರ ಪೂರ್ತಿ ಏನೂ ಆಗಲಿಲ್ಲ. ಆ ಶನಿವಾರವನ್ನು ಬಿಡಬೇಡಿ. ಸತ್ತವರ ಮನೆಯವರು ಬದುಕುತ್ತಿರೋದು ಆ ಶನಿವಾರದಲ್ಲೇ. ಮುಂದಿನ ನಾಲ್ಕು ನಿಮಿಷ ‘ಆತನು ಇಲ್ಲಿಲ್ಲ, ಎದ್ದಿದ್ದಾನೆ’ ಎಂಬ ಸುದ್ದಿಗೆ. ಕೊನೆಗೆ ‘ಹೋಗಿ ಹೇಳಿರಿ’ ಎಂಬ ಅಪ್ಪಣೆಗೆ. ಎಂಟನೇ ವಚನ ಹೆದರಿಕೆಯಲ್ಲಿ ಮುಗಿಯುತ್ತೆ ಅನ್ನೋದನ್ನು ಮುಚ್ಚಿಡಬೇಡಿ. ಅವರು ನಡುಗುತ್ತಾ ಓಡಿಹೋದರು, ಯಾರಿಗೂ ಏನೂ ಹೇಳಲಿಲ್ಲ ಅಂತಲೇ ಬರೆದಿದೆ. ಆದರೂ ಸುದ್ದಿ ನಮ್ಮ ತನಕ ಬಂದಿದೆ.

ಬರೆದುಕೊಂಡು ಮಾತಾಡೋದಾದರೆ ಬಯಲಲ್ಲಿ ನಿಮಿಷಕ್ಕೆ 80 ಪದಕ್ಕಿಂತ ಹೆಚ್ಚು ಲೆಕ್ಕ ಹಾಕಬೇಡಿ. ಗಾಳಿ ಮಾತನ್ನು ಹೊತ್ತುಕೊಂಡು ಹೋಗುತ್ತೆ, ನಿಲ್ಲಿಸಿ ನಿಲ್ಲಿಸಿ ಹೇಳಬೇಕು.


ಭದ್ರಾ ನಾಲೆ

ಮೇಲಿನವರು ಪಾಠದ ಬಗ್ಗೆ ಹೇಳಿದ್ದು ಸರಿ. ನಾನು ಪದಗಳ ಬಗ್ಗೆ ಹೇಳ್ತೀನಿ, ಕನ್ನಡದಲ್ಲಿ ಮಾತು ಜಾರೋದು ಅಲ್ಲೇ.

‘ಪುನರುತ್ಥಾನ’ ಅನ್ನೋದು ಸಭೆಯ ಒಳಗಿನವರಿಗೆ ರೂಢಿ. ಹೊರಗಿನವರ ಕಿವಿಗೆ ಅದು ‘ಪುನರ್ಜನ್ಮ’ ಅಂತಲೇ ಬೀಳುತ್ತೆ. ಎರಡೂ ಬೇರೆ ಬೇರೆ. ಪುನರ್ಜನ್ಮ ಅಂದರೆ ಜೀವ ಇನ್ನೊಂದು ದೇಹಕ್ಕೆ ಹೋಗೋದು. ಪುನರುತ್ಥಾನ ಅಂದರೆ ಅದೇ ವ್ಯಕ್ತಿ, ಅದೇ ಹೆಸರು, ದೇಹ ಸಮೇತ ಮತ್ತೆ ಏಳೋದು, ಮತ್ತೆಂದೂ ಸಾಯದ ಹಾಗೆ. ಮೊದಲ ಸಲ ಆ ಪದ ಬಂದಾಗ ‘ಮತ್ತೆ ಎದ್ದು ನಿಲ್ಲುವುದು’ ಅಂತ ಒಂದೇ ಮಾತಲ್ಲಿ ಬಿಡಿಸಿ. ಗ್ರೀಕಿನ ಅನಸ್ತಾಸಿಸ್ ಪದದ ಅರ್ಥವೂ ಎದ್ದು ನಿಲ್ಲೋದೇ. ‘ಆತ್ಮಕ್ಕೆ ಸಾವಿಲ್ಲ’ ಅಂತ ಹೇಳಿ ಮುಗಿಸೋದೂ ಸಾಲದು. ಅದನ್ನು ಕೇಳೋಕೆ ಯಾರೂ ಈಸ್ಟರಿಗೆ ಬರಬೇಕಿಲ್ಲ, ನಮ್ಮ ನಾಡಲ್ಲಿ ಅದನ್ನು ಬಹಳ ಜನ ಮೊದಲೇ ನಂಬಿದ್ದಾರೆ. ಕ್ರೈಸ್ತರು ಹೇಳೋದು ದೇಹದ ಬಗ್ಗೆ. ಲೂಕ 24ರಲ್ಲಿ ಎದ್ದ ಯೇಸು ಶಿಷ್ಯರ ಎದುರೇ ಸುಟ್ಟ ಮೀನಿನ ತುಂಡು ತಿಂದ. ಯೋಹಾನ 20ರಲ್ಲಿ ಕೈಯ ಗಾಯದ ಗುರುತು ಹಾಗೇ ಇದೆ. ಎದ್ದ ಮೇಲೂ ಗಾಯ ಅಳಿಸಿ ಹೋಗಲಿಲ್ಲ ಅನ್ನೋದನ್ನು ಒಮ್ಮೆ ಹೇಳಿ ಸುಮ್ಮನಾಗಿ, ವಿವರಿಸಬೇಡಿ.

ಸತ್ತು ಗೋರಿ ಸೇರಿದ್ದ ಲಾಜರನನ್ನು ಯೇಸು ಎಬ್ಬಿಸಿದ ಕಥೆ (ಯೋಹಾನ 11) ತರೋದಾದರೆ ಎಚ್ಚರ. ಲಾಜರ ಎದ್ದಿದ್ದು ಹಳೇ ಬದುಕಿಗೆ, ಮತ್ತೆ ಸತ್ತ. ಅದನ್ನು ಹೇಳದಿದ್ದರೆ ಕೇಳೋರು ‘ಹಾಗಾದರೆ ನಮ್ಮವರನ್ನು ಯಾಕೆ ಎಬ್ಬಿಸಲಿಲ್ಲ’ ಅಂತ ಯೋಚಿಸ್ತಾರೆ, ತಪ್ಪೇನಿಲ್ಲ. ಆ ಅಧ್ಯಾಯದಿಂದ ಒಂದೇ ವಚನ ಸಾಕು, 11:35. ಎಬ್ಬಿಸೋಕೆ ಅಂತಲೇ ಬಂದವನು ಮೊದಲು ಅತ್ತ.

ಬಾಯಿಂದ ಬರಬಾರದ ಮಾತು ಮೂರು. ‘ದೇವರಿಗೆ ಒಳ್ಳೆಯವರೇ ಬೇಕು, ಅದಕ್ಕೇ ಕರ್ಕೊಂಡ’: ಇದು ಸತ್ಯವೇದದಲ್ಲಿ ಎಲ್ಲೂ ಇಲ್ಲ. ‘ಅಳಬೇಡಿ’: 1 ಥೆಸಲೊನೀಕ 4:13 ದುಃಖವನ್ನೇ ಬೇಡ ಅನ್ನಲ್ಲ, ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬೇಡಿ ಅನ್ನುತ್ತೆ, ಆ ಅರ್ಧ ವಚನವನ್ನು ಕತ್ತರಿಸಿ ಹೇಳಿದರೆ ಅದು ಬೈಗುಳ ಆಗುತ್ತೆ. ‘ಇನ್ನಷ್ಟು ಪ್ರಾರ್ಥನೆ ಮಾಡಿದ್ದರೆ ಉಳೀತಿದ್ದರು’: ಇದಂತೂ ಕ್ರೌರ್ಯ.

ನೆರೆಯವರ ವಿಷಯ. ಲಿಂಗಾಯತರೂ ಹೂಳುವವರೇ, ಗೋರಿ ಅವರಿಗೆ ಹೊಸದಲ್ಲ. ಲಿಂಗೈಕ್ಯ ಎಂಬ ಪದ ಅವರಿಗಿದೆ, ಅದರ ಜೊತೆ ಹೋಲಿಸೋಕೆ, ತೂಗೋಕೆ ಹೋಗಬೇಡಿ. ಮುಸ್ಲಿಮರು ಕಿಯಾಮತ್ ದಿನ (ಅಂತ್ಯದ ತೀರ್ಪಿನ ದಿನ) ಸತ್ತವರು ಏಳ್ತಾರೆ ಅಂತ ನಂಬ್ತಾರೆ, ಏಳುವ ಮಾತು ಅವರಿಗೆ ಪರಿಚಿತ. ಯೇಸು ಶಿಲುಬೆಯಲ್ಲಿ ಸತ್ತ ಅನ್ನೋದನ್ನು ಅವರು ಒಪ್ಪಲ್ಲ. ನೀವು ನಿಮ್ಮ ನಂಬಿಕೆ ಹೇಳಿ, ವಾದಕ್ಕೆ ಕರೀಬೇಡಿ. ಅವರು ಬಂದಿರೋದು ಸತ್ತವರ ಮೇಲಿನ ಗೌರವಕ್ಕೆ.

ಕೊನೇದಾಗಿ, ಸಂದೇಶ ಔಷಧಿಯ ಕೆಲಸ ಮಾಡಲ್ಲ. ಆರು ತಿಂಗಳು ಕಳೆದರೂ ಊಟ ನಿದ್ದೆ ಇಲ್ಲ, ಕೆಲಸ ನಡೀತಿಲ್ಲ, ಬದುಕೋದೇ ಬೇಡ ಅಂತಿದ್ದಾರೆ ಅನ್ನೋರು ಇದ್ದರೆ ಟೆಲಿ ಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) 14416ಕ್ಕೆ ಫೋನ್ ಮಾಡಿಸಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಬದುಕೋದೇ ಬೇಡ ಅನ್ನುವ ಮಾತು ಕೇಳಿದರೆ ಆರು ತಿಂಗಳು ಕಾಯೋದು ಬೇಡ, ಅವತ್ತೇ. ಇದನ್ನು ಮೈಕಿನಲ್ಲಿ ಹೇಳದೆ ಹಿಂದಿನ ದಿನವೇ ಆ ನಾಲ್ಕು ಮನೆಗೆ ಹೋಗಿ ಬಂದರೆ ಒಳ್ಳೇದು. ಹೋದಾಗ ‘ನಿಮ್ಮವರ ಹೆಸರನ್ನು ಪ್ರಾರ್ಥನೆಯಲ್ಲಿ ಹೇಳಬಹುದಾ’ ಅಂತಲೂ ಕೇಳಿ. ಕೇಳದೇ ಹೇಳಿದರೆ ಕೆಲವರು ಅಲ್ಲೇ ಕುಸಿದು ಹೋಗ್ತಾರೆ.


ವಾದಿ ಪ್ರತಿವಾದಿ

ಇಷ್ಟೆಲ್ಲ ಭಾವನೆ ಸರಿ, ಆದರೆ ಘಟನೆ ನಿಜವಾಗಿ ನಡೀತು ಅನ್ನೋಕೆ ಆಧಾರ ಹೇಳದಿದ್ದರೆ ಧೈರ್ಯ ಎಲ್ಲಿಂದ ಬರುತ್ತೆ? 1 ಕೊರಿಂಥ 15:3ರಿಂದ 8 ಓದಲೇಬೇಕು. ಅಪೊಸ್ತಲ ಪೌಲ ಆ ಪತ್ರ ಬರೆದಿದ್ದು ಕ್ರಿ.ಶ. 55ರ ಆಸುಪಾಸಿನಲ್ಲಿ, ಅಂದರೆ ಶಿಲುಬೆಯಾಗಿ ಹೆಚ್ಚು ಕಡಿಮೆ 25 ವರ್ಷಕ್ಕೆ. ‘ನಾನು ಹೊಂದಿದ್ದನ್ನೇ ನಿಮಗೆ ಒಪ್ಪಿಸಿದೆ’ ಅನ್ನೋ ಧಾಟಿ ನೋಡಿದರೆ ಆ ಸಾಲುಗಳು ಪತ್ರಕ್ಕಿಂತ ಹಳೆಯವು. ಕೇಫ (ಅಂದರೆ ಪೇತ್ರ), ಹನ್ನೆರಡು ಮಂದಿ, ಐನೂರಕ್ಕೂ ಹೆಚ್ಚು ಜನ, ಯಾಕೋಬ, ಹೀಗೆ ಸಾಕ್ಷಿಗಳ ಪಟ್ಟಿ. ಆ ಐನೂರರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಅಂತ ಬರೀತಾನೆ. ಹೋಗಿ ಕೇಳಿ ನೋಡಿ ಅಂದಂಗೆ. ಜೊತೆಗೆ, ಕಥೆ ಕಟ್ಟೋರಾಗಿದ್ದರೆ ಆ ಕಾಲದಲ್ಲಿ ಹೆಂಗಸರನ್ನು ಮೊದಲ ಸಾಕ್ಷಿ ಮಾಡ್ತಿರಲಿಲ್ಲ. ಲೂಕ 24:11ರಲ್ಲಿ ಅಪೊಸ್ತಲರೇ ಅವರ ಮಾತನ್ನು ಹರಟೆ ಅಂತ ತಳ್ಳಿಹಾಕಿದರು.


ಕೋಟೆ ಗಾಳಿ, ಚಿತ್ರದುರ್ಗ

ವಾದಿಯವರೇ, ನೀವು ಹೇಳಿದ್ದರಲ್ಲಿ ಒಂದೂ ತಪ್ಪಿಲ್ಲ, ಜಾಗ ತಪ್ಪು. ಅದು ಯುವಜನರ ಕೂಟಕ್ಕೆ, ಪ್ರಶ್ನೆ ಕೇಳೋಕೆ ಒಂದು ಗಂಟೆ ಇರುವ ಕಡೆಗೆ. ಹಸಿ ಮಣ್ಣಿನ ಮುಂದೆ ಸಾಕ್ಷಿ ಪಟ್ಟಿ ಓದಿದರೆ ಕೋರ್ಟಿನ ಹಾಗಾಗುತ್ತೆ. ಬೇಕಿದ್ದರೆ ಹೆಂಗಸರ ಸಾಕ್ಷಿಯ ಮಾತು ಒಂದನ್ನು ಇಟ್ಟುಕೊಳ್ಳಲಿ, ಮಾರ್ಕ 16ಕ್ಕೆ ಅದು ತಾನಾಗಿ ಹೊಂದುತ್ತೆ.

1 ಕೊರಿಂಥ 15ರ ಕೊನೆಯನ್ನು ಮಾತ್ರ ಬಳಸಿ ಅಂತ ಹೇಳ್ತೀನಿ. 58 ವಚನದ ಉದ್ದ ಅಧ್ಯಾಯ, ಮರಣವನ್ನೇ ಹಂಗಿಸಿ ಕೇಳುವ ಮಟ್ಟಕ್ಕೆ ಏರುತ್ತೆ, ಆಮೇಲೆ 58ನೇ ವಚನ ‘ಆದಕಾರಣ’ ಅಂತ ನೆಲಕ್ಕೆ ಇಳಿಯುತ್ತೆ: ಸ್ಥಿರವಾಗಿರಿ, ನಿಮ್ಮ ಕೆಲಸ ವ್ಯರ್ಥವಲ್ಲ. ಮರುವಚನವೇ 16:1. ಅಲ್ಲೇನಿದೆ ಗೊತ್ತಾ? ಯೆರೂಸಲೇಮಿನ ಬಡವರಿಗೆ ಚಂದಾ ಎತ್ತುವ ಲೆಕ್ಕ! ವಾರದ ಮೊದಲ ದಿನ ಅವರವರ ಗಳಿಕೆಯಷ್ಟು ತೆಗೆದಿಡಿ ಅಂತ. ಮೂಲದಲ್ಲಿ ಅಧ್ಯಾಯದ ಸಂಖ್ಯೆಗಳಿರಲಿಲ್ಲ, ಓದುತ್ತಿದ್ದವರಿಗೆ ಎರಡೂ ಒಂದೇ ಉಸಿರಿನಲ್ಲಿ ಬರುತ್ತಿತ್ತು. ಕಾಣಿಕೆ ತಟ್ಟೆ ಹಿಡಿಯೋರಿಗೆ ಇದು ಖುಷಿ ಕೊಡಬಹುದು.


ಹರಿಹರ ಸೇತುವೆ

ನಾವು ಕಥೋಲಿಕರು, ನಮ್ಮಲ್ಲಿ ನಸುಕಿಗಿಂತ ಹಿಂದಿನ ರಾತ್ರಿಯ ಪಾಸ್ಖ (ಈಸ್ಟರ್) ಜಾಗರಣೆ ದೊಡ್ಡದು. ಹೊಸ ಬೆಂಕಿ ಹೊತ್ತಿಸಿ, ಅದರಿಂದ ದೊಡ್ಡ ಪಾಸ್ಖ ಮೇಣದಬತ್ತಿ ಹಚ್ಚಿ, ಕತ್ತಲ ಗುಡಿಗೆ ಅದೊಂದೇ ಬೆಳಕು ಹಿಡಿದು ಹೋಗೋದು. ಬತ್ತಿಯ ಮೇಲೆ ಶಿಲುಬೆ, ಅದರ ನಾಲ್ಕು ಮೂಲೆಯಲ್ಲಿ ಆ ವರ್ಷದ ಅಂಕಿ, ಯೇಸುವಿನ ಐದು ಗಾಯಕ್ಕೆ ಐದು ಧೂಪದ ಕಾಳು. 2027ರ ಅಂಕಿಯನ್ನೇ ಬರೆಯೋದರಲ್ಲಿ ಅರ್ಥ ಇದೆ: ಎಂದೋ ಆದದ್ದು ಅಂತಲ್ಲ, ಈ ವರ್ಷದ ಸಾವುಗಳ ನಡುವೆ. ಅದೇ ಬತ್ತಿಯನ್ನು ವರ್ಷದುದ್ದಕ್ಕೂ ಜ್ಞಾನಸ್ನಾನಕ್ಕೂ ಹಚ್ಚುತ್ತೇವೆ, ಶವಪೆಟ್ಟಿಗೆಯ ಪಕ್ಕದಲ್ಲೂ ಇಡುತ್ತೇವೆ. ನಿಮ್ಮ ಸಭೆಯಲ್ಲಿ ಆ ಪದ್ಧತಿ ಇಲ್ಲದಿದ್ದರೂ ಒಂದೇ ದೀಪದಿಂದ ಎಲ್ಲರ ದೀಪ ಹಚ್ಚಿಸಬಹುದು, ಮಾತಿಗಿಂತ ಅದು ಬೇಗ ಮುಟ್ಟುತ್ತೆ.

ನಿರೀಕ್ಷೆ ಕಳಕೊಂಡವರಿಗೆ ಎಮ್ಮಾಹುವಿನ ದಾರಿಯೂ (ಲೂಕ 24, ಊರಿಗೆ ನಡೆಯುತ್ತಿದ್ದ ಇಬ್ಬರು ಶಿಷ್ಯರ ಜೊತೆ ಎದ್ದ ಯೇಸು ಸೇರಿಕೊಂಡದ್ದು) ಚೆನ್ನ, ಮರುವಾರಕ್ಕೆ ಇಟ್ಟುಕೊಳ್ಳಿ. ಸುಮಾರು 11 ಕಿ.ಮೀ. ನಡಿಗೆ, ದಾವಣಗೆರೆಯಿಂದ ಹರಿಹರಕ್ಕೆ ನಡೆಯೋದಕ್ಕಿಂತ ಸ್ವಲ್ಪ ಕಮ್ಮಿ. ‘ನಾವು ನಿರೀಕ್ಷಿಸಿದ್ದೆವು’ ಅಂತ ಆ ಇಬ್ಬರು ಭೂತಕಾಲದಲ್ಲಿ ಮಾತಾಡ್ತಾರೆ. ಯೇಸು ಮೊದಲು ಮಾಡಿದ್ದು ಪ್ರಶ್ನೆ ಕೇಳಿ, ಅವರು ಹೇಳೋದನ್ನೆಲ್ಲ ಪೂರ್ತಿ ಕೇಳಿಸಿಕೊಂಡದ್ದು. ಸಂತೈಸೋಕೆ ಹೋಗುವವರು ಇದನ್ನು ಮರೆತು ಬಾಗಿಲಲ್ಲೇ ಬೋಧನೆ ಶುರು ಹಚ್ಚಿಕೊಳ್ತಾರೆ.

ಇನ್ನೊಂದು: ಈಸ್ಟರ್ ಒಂದು ದಿನದ ಹಬ್ಬ ಅಲ್ಲ, ಪೆಂತೆಕೋಸ್ತಿನವರೆಗೆ (ಪವಿತ್ರಾತ್ಮ ಇಳಿದು ಬಂದ ಹಬ್ಬ) 50 ದಿನ. ಆ ನಾಲ್ಕು ಮನೆಗೆ ಮೇ 16ರೊಳಗೆ ಯಾರು ಯಾವ ವಾರ ಹೋಗೋದು ಅಂತ ಈಗಲೇ ಬರೆದಿಡಿ.


ಮೆಕ್ಕೆಜೋಳ

ಮಕ್ಕಳಿಗೆ ಬೀಜ. 1 ಕೊರಿಂಥ 15:36ರಿಂದ 38ಕ್ಕೆ (ಬಿತ್ತಿದ ಕಾಳು ಸತ್ತರೇ ಜೀವ ತಳೆಯುತ್ತೆ ಅನ್ನುವ ಭಾಗ) ನಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳಕ್ಕಿಂತ ಉದಾಹರಣೆ ಬೇಕಾ? 200 ಮಿಲಿ ಪೇಪರ್ ಕಪ್, ತಳದಲ್ಲಿ ಮೂರು ತೂತು, ಎರಡು ಪಾಲು ಕೆಂಪುಮಣ್ಣಿಗೆ ಒಂದು ಪಾಲು ಮರಳು. ಬೆರಳಿನ ಒಂದು ಗೆಣ್ಣು ಆಳಕ್ಕೆ ಎರಡು ಕಾಳು. ದಿನಕ್ಕೆ ಎರಡು ಚಮಚ ನೀರು, ಸಂಜೆ. ಮಾರ್ಚ್ ಸೆಕೆಗೆ ಐದಾರು ದಿನದಲ್ಲಿ ಮೊಳಕೆ ತಲೆ ಎತ್ತುತ್ತೆ. ಗರಿಗಳ ಭಾನುವಾರ (21ನೇ ತಾರೀಕು) ಬಿತ್ತಿದರೆ ಕೆಲವು ಕಪ್ ಈಸ್ಟರಿಗೆ ಬರದೇ ಹೋಗಬಹುದು, 18ಕ್ಕೇ ಬಿತ್ತಿಸಿ. ತೂತಿಲ್ಲದ ಕಪ್ಪಿನಲ್ಲಿ ನೀರು ನಿಂತು ಕೊಳೆಯುತ್ತೆ, ಹುಡುಗರು ಪ್ರೀತಿಯಿಂದ ಹೆಚ್ಚು ಹಾಕೋದೇ ಸಮಸ್ಯೆ. ಅಂಗಡಿಯ ಬಿತ್ತನೆ ಬೀಜ ಕೆಂಪು ಬಣ್ಣಕ್ಕಿರುತ್ತೆ, ಔಷಧಿ ಸವರಿದ್ದು, ಮಕ್ಕಳ ಕೈಗೆ ಕೊಡಬೇಡಿ. ರೈತರ ಮನೆಯ ಕಾಳು ತನ್ನಿ. ಸಿಗದಿದ್ದರೆ ಹೆಸರುಕಾಳು, ಮೂರು ನಾಲ್ಕು ದಿನ ಸಾಕು.

‘ಬೀಜ ಸಾಯುತ್ತೆ’ ಅಂತ ಹೇಳಿದ ಕೂಡಲೇ ಏಳನೇ ಕ್ಲಾಸಿನ ಹುಡುಗಿ ‘ಇಲ್ಲ, ಒಳಗೆ ಭ್ರೂಣ ಬದುಕಿರುತ್ತೆ’ ಅಂತಾಳೆ, ಅವಳು ಹೇಳೋದು ಸರಿ. ಪೌಲ ಹೇಳುತ್ತಿರೋದು ಸಸ್ಯಶಾಸ್ತ್ರ ಅಲ್ಲ. ಬಿತ್ತಿದ್ದಕ್ಕೂ ಎದ್ದು ಬಂದದ್ದಕ್ಕೂ ರೂಪದಲ್ಲಿ ಎಷ್ಟು ಅಂತರ, ಆದರೂ ಅದು ಅದರದ್ದೇ ಬೆಳೆ. ಆ ದೇಹ ಕೊಡೋನು ದೇವರು ಅನ್ನೋದು ಅವನ ಮಾತು. ಕಾಳನ್ನೂ ಪೈರನ್ನೂ ಪಕ್ಕಪಕ್ಕ ಹಿಡಿದು ತೋರಿಸಿ ಸಾಕು.

ಏರ್ಪಾಟು: ಅವತ್ತು ದಾವಣಗೆರೆಯಲ್ಲಿ ಸೂರ್ಯೋದಯ 6:25ರ ಹತ್ತಿರ, ಮುಖ ಕಾಣುವಷ್ಟು ಬೆಳಕು 6 ಗಂಟೆ ಹೊತ್ತಿಗೆ. 5:50ಕ್ಕೆ ಶುರು ಮಾಡಿ ಕತ್ತಲಲ್ಲೇ ಓದಿಸಿದರೆ ಸಂದೇಶ ಮುಗಿಯುವಾಗ ಬಿಸಿಲು ಬೀಳುತ್ತೆ. ಜನರನ್ನು ಪೂರ್ವಕ್ಕೆ ಮುಖ ಮಾಡಿಸಿ, ನೀವು ಮಾತ್ರ ಸೂರ್ಯನಿಗೆ ಅಡ್ಡ ನಿಲ್ಲಬೇಡಿ, ಉತ್ತರದ ಬದಿಗೆ ನಿಲ್ಲಿ. ಇಲ್ಲಾಂದ್ರೆ ಅವರಿಗೆ ಕಾಣೋದು ಕಪ್ಪು ನೆರಳು. ಒಣಹುಲ್ಲನ್ನು ಎರಡು ದಿನ ಮುಂಚೆ ಕೊಯ್ಯಿಸಿ, ಸುಡಿಸಬೇಡಿ. ಮರಗಳಲ್ಲಿ ಹೆಜ್ಜೇನು ಇದೆಯಾ ಅಂತ ಹಗಲಲ್ಲೇ ನೋಡಿ ಬನ್ನಿ. ಇದ್ದರೆ ಧೂಪ, ಊದುಬತ್ತಿ, ಹೈ ಪವರ್ ಲೈಟು ಯಾವುದೂ ಬೇಡ, ಜಾಗವನ್ನೇ ದೂರ ಸರಿಸಿ. ದೀಪಕ್ಕೆ ಗಾಳಿ ತಡೆಯೋಕೆ ಗಾಜಿನ ಲೋಟ, ಪಕ್ಕದಲ್ಲಿ ಒಂದು ಬಕೆಟ್ ಮರಳು.


ಸೂಳೆಕೆರೆ ದಂಡೆ

ಎಲ್ಲರಿಗೂ ನಮಸ್ಕಾರ. ಮಾರ್ಕ 16:1-8, ಒಂದೇ ದೀಪ, 1 ಕೊರಿಂಥ 15:58, ಅಷ್ಟು ಖಚಿತ ಮಾಡಿಕೊಂಡೆ. ಆದರೆ ಕೊನೆಯ ನಾಲ್ಕು ನಿಮಿಷಕ್ಕೆ, ಆ ‘ಹೋಗಿ ಹೇಳಿರಿ’ ಅನ್ನೋ ಕಡೆ, ಧೈರ್ಯದ ಬಗ್ಗೆ ಹಿಡಿದು ಹೇಳೋಕೆ ಏನಾದರೂ ಬೇಕು. ಬರೀ ‘ಧೈರ್ಯವಾಗಿರಿ’ ಅಂದರೆ ಟೊಳ್ಳು ಅನ್ಸುತ್ತೆ.


ಭದ್ರಾ ನಾಲೆ

ಏಳನೇ ವಚನ ಮತ್ತೆ ಓದಿ. ‘ಆತನ ಶಿಷ್ಯರಿಗೂ ಪೇತ್ರನಿಗೂ’ ಹೇಳಿ ಅಂತಿದೆ. ಪೇತ್ರನೂ ಶಿಷ್ಯನೇ, ಬೇರೆಯಾಗಿ ಹೆಸರು ಹೇಳಬೇಕಾಗಿರಲಿಲ್ಲ. ಮೂರು ಸಲ ‘ಆತನನ್ನು ಅರಿಯೆ’ ಅಂದವನು ಅವನು. ಆ ಒಂದು ಹೆಸರಿಗೇ ನಿಮ್ಮ ನಾಲ್ಕು ನಿಮಿಷ ಕೊಡಿ.

ಯೋಹಾನ 18:18ರಲ್ಲಿ ಅವನು ಅಲ್ಲಗಳೆದದ್ದು ಇದ್ದಿಲ ಬೆಂಕಿಯ ಪಕ್ಕ ಚಳಿ ಕಾಯಿಸಿಕೊಳ್ಳುತ್ತಾ. 21:9ರಲ್ಲಿ ಎದ್ದ ಯೇಸು ಕೆರೆದಂಡೆಯಲ್ಲಿ ಕಾದದ್ದೂ ಇದ್ದಿಲ ಬೆಂಕಿ ಹಾಕಿಕೊಂಡು. ಆ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಈ ಎರಡೇ ಕಡೆ ಬರುತ್ತೆ. ಮೊದಲು ‘ಬನ್ನಿ, ಊಟ ಮಾಡಿ’ ಅಂತ ಕರೆದ, ಆಮೇಲೆ ಮೂರು ಸಲ ಪ್ರಶ್ನೆ, ಮೂರು ಸಲವೂ ಕುರಿ ಮೇಯಿಸುವ ಕೆಲಸ. ಹಳೇ ತಪ್ಪನ್ನು ಎತ್ತಿ ಬೈಯಲಿಲ್ಲ. ಮುಂದೆ ಅಪೊಸ್ತಲರ ಕೃತ್ಯಗಳು 4:13ರಲ್ಲಿ ಅದೇ ಮನುಷ್ಯನ ಧೈರ್ಯ ನೋಡಿ ಯೆಹೂದ್ಯರ ಹಿರೀಸಭೆಯವರು ಬೆರಗಾದರು. ಅಲ್ಲಿ ‘ಧೈರ್ಯ’ ಅನ್ನುವುದಕ್ಕಿರುವ ಗ್ರೀಕ್ ಪದದ ಅರ್ಥ ಅಂಜದೆ ಬಿಚ್ಚಿ ಮಾತಾಡೋದು. ಇವರು ಓದಿಲ್ಲದ ಸಾಮಾನ್ಯರು ಅಂತಲೂ ಅಲ್ಲೇ ಬರೆದಿದೆ. ಅಯ್ಯನವರಿಲ್ಲದ ದಿನ ಮಾತಾಡೋರಿಗೆ ಇದು ನೆನಪಿರಲಿ.


ಮೆಕ್ಕೆಜೋಳ

ಹಾಗಿದ್ದರೆ ಆರಾಧನೆ ಮುಗಿದ ಮೇಲೆ ಜನರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಬೇಡಿ, ‘ಬನ್ನಿ, ಊಟ ಮಾಡಿ’ ಇದೆಯಲ್ಲ. ಬೆಣ್ಣೆದೋಸೆ ಆಸೆ ಬೇಡ, ಒಂದು ಹಂಚಿನಲ್ಲಿ 40 ಜನಕ್ಕೆ ಹುಯ್ಯುವಷ್ಟರಲ್ಲಿ ಮಧ್ಯಾಹ್ನ. ಉಪ್ಪಿಟ್ಟಿಗೆ ನಾಲ್ಕು ಕೆಜಿ ರವೆ ಸಾಕು. ಟೀ ಐದು ಲೀಟರ್, ಅದರಲ್ಲಿ ಮೂರು ಲೀಟರ್ ಹಾಲು. ಸಕ್ಕರೆ ಕುದಿಸುವಾಗ ಹಾಕದೆ ಬೇರೆ ಇಡಿ, ಹಿರಿಯರಲ್ಲಿ ಶುಗರ್ ಇರೋರು ಇರ್ತಾರೆ. ನಾಲ್ಕು ಮನೆಯವರಿಗೆ ಬಡಿಸೋ ಕೆಲಸ ಹಚ್ಚಬೇಡಿ, ಅವರಾಗೇ ಕೇಳಿದರೆ ಮಾತ್ರ ಕೊಡಿ.